ಮೊದಲ ತಾರೀಖು

ಟೊಲೀಡೊದ ಉತ್ತರಕ್ಕೆ, ಗಾಜಿನ ಕಾರ್ಖಾನೆ ಮುಚ್ಚಿದ ಬೀದಿಯಲ್ಲಿ
ಎರಡು ಕೋಣೆ, ಒಂದು ನೆಲಮಾಳಿಗೆ,
ಹಿತ್ತಿಲಲ್ಲಿ ಯಾರೋ ಬಿಟ್ಟುಹೋದ ಉಯ್ಯಾಲೆಯ ತುಕ್ಕುಗಂಬ.
ಇಷ್ಟಕ್ಕೆ ಹತ್ತೊಂಬತ್ತು ವರ್ಷ
ಶಾಲೆಯ ಹಳದಿ ಬಸ್ಸು ಓಡಿಸಿದ್ದೆ.

ನಲವತ್ತೊಂದು ಕಡೆ ಸಹಿ, ಬ್ಯಾಂಕಿನದೇ ಪೆನ್ನು.
ವಾಂಡಾ ಕ್ರುಜೆಲ್, ವಾಂಡಾ ಕ್ರುಜೆಲ್,
ಕೊನೆಕೊನೆಗೆ ಅದು ಬೇರೆ ಯಾರದೋ ಹೆಸರಿನ ಹಾಗೆ ಕಂಡಿತು.
ಬೀಗದಕೈ ಎರಡು ಕೊಟ್ಟರು.
ಒಂದು ಯಾವ ಬೀಗಕ್ಕೂ ಕೂಡಲಿಲ್ಲ,
ಇನ್ನೂ ಗೊಂಚಲಲ್ಲಿದೆ.

ಆ ರಾತ್ರಿ ಬರಿ ನೆಲದ ಮೇಲೆ ಕೂತು
ತಣ್ಣನೆ ಪಿಯೆರೋಗಿ ತಿಂದೆ.
ಇಲ್ಲೇ ಇದ್ದುಬಿಡು ಅಂದಿತು ಬೆನ್ನು.
ಲೆಕ್ಕದ ಪುಸ್ತಕ ಬೇಡವೆಂದಿತು:
ಕಂತು ಐನೂರ ಎಂಬತ್ತು, ತೆರಿಗೆ ನೂರ ತೊಂಬತ್ತು,
ವಿಮೆ ತೊಂಬತ್ತೈದು. ಬಾಡಿಗೆ ಒಂಬೈನೂರ ಐವತ್ತು ಬಂದರೆ
ಕೈಯಲ್ಲುಳಿಯುವುದು ಎಂಬತ್ತೈದು.
ಅದನ್ನು ಮಾತ್ರ ಪೆನ್ಸಿಲ್ಲಿನಲ್ಲಿ ಬರೆದೆ.

ನಾನಿರುವುದು ನಿಕೊಲಿಚ್‌ನ ಬೇಕರಿಯ ಮೇಲೆ, ಬಾಡಿಗೆಗೆ.
ಮೊದಲ ತಾರೀಖು ಒಂದು ಚೆಕ್ಕು ಮೆಟ್ಟಿಲು ಹತ್ತುತ್ತದೆ,
ಇನ್ನೊಂದು ಇಳಿಯುತ್ತದೆ.
ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ,
ಬಾಡಿಗೆಗೆ ಕೊಟ್ಟು ನೋಡು ಅಂದವರಿಲ್ಲ.

ಬಂದವನು ಡೆಲ್ರಾಯ್ ಪಿಟ್‌ಮನ್, ವೃದ್ಧಾಶ್ರಮದ ಅಡುಗೆಯವ,
ಜೊತೆಗೆ ಇಬ್ಬರು ಹುಡುಗಿಯರು. ದೊಡ್ಡವಳು ಜೊಸೆಟ್
ನನ್ನನ್ನು ಮೇಲಿಂದ ಕೆಳಗೆ ನೋಡಿ,
'ನೀವು ಬಸ್ಸಿನವರಲ್ಲವಾ?'
ಅಂದಿನಿಂದ ಬಸ್ಸಿನಲ್ಲಿ ಹಿಂದಿನ ಸೀಟಿಗೇ ಹೋಗಿ ಕೂರುತ್ತಾಳೆ.

ಎರಡನೇ ಜನವರಿ ಕುಲುಮೆ ಸತ್ತಿತು.
ಎರಡು ಹೀಟರು ಹೊತ್ತು ಹೋಗಿ
ನನ್ನದೇ ಮನೆಯ ಬಾಗಿಲು ತಟ್ಟಿ
ಒಳಗೆ ಬರಬಹುದಾ ಎಂದು ಕೇಳಿದೆ.
'ಬೂಟು ಅಲ್ಲೇ ಬಿಡಿ,' ಅಂದ ಡೆಲ್ರಾಯ್,
'ಈಗಷ್ಟೇ ನೆಲ ಒರೆಸಿದೀವಿ.'
ಕಾಲುಚೀಲದಲ್ಲಿ ನೆಲಮಾಳಿಗೆಗೆ ಇಳಿದೆ.
ಹೆಬ್ಬೆರಳಿನ ತೂತು ಚಿಕ್ಕವಳಿಗೆ ಕಂಡಿತು.
ಹೊಸ ಕುಲುಮೆ ನಾಲ್ಕು ಸಾವಿರದ ಎಂಬತ್ತು ಡಾಲರು.
ಎಂಬತ್ತೈದರಿಂದ ಭಾಗಿಸಿದೆ:
ನಾಲ್ಕು ವರ್ಷ. ಶೇಷ ಇಲ್ಲ.

ಏಪ್ರಿಲ್‌ನಲ್ಲಿ ಚೆಕ್ಕು ಬರಲಿಲ್ಲ.
ವೃದ್ಧಾಶ್ರಮ ಅವನ ಗಂಟೆಗಳನ್ನು ಕತ್ತರಿಸಿತ್ತು.
ಮೂರು ದಿನದ ನೋಟಿಸು, ಅಚ್ಚಾದದ್ದೇ ಸಿಗುತ್ತದೆ,
ಹೆಸರು ತುಂಬಿದರಾಯಿತು.
ತುಂಬಿದೆ. ಮಡಚಿ, ಸ್ಟಿಯರಿಂಗ್ ಪಕ್ಕ ಸಿಕ್ಕಿಸಿದೆ.
ಬೆಳಿಗ್ಗೆ ಆರೂ ಐವತ್ತಕ್ಕೆ ಜೊಸೆಟ್ ಹತ್ತಿದಳು.
ಕನ್ನಡಿಯಲ್ಲಿ ಅವಳ ನೆತ್ತಿಯಷ್ಟೇ ಕಾಣುತ್ತಿತ್ತು.
ಆ ಕಾಗದ ಅಲ್ಲೇ ಬಿಸಿಲಿಗೆ ಹಳದಿಯಾಯಿತು.

ಕೆಳಗೆ ಇಳಿದು ನಿಕೊಲಿಚ್‌ಗೆ ನಾನೂ ಹೇಳಿದೆ:
ಈ ತಿಂಗಳು ಸ್ವಲ್ಪ ತಡ.
ಹಿಟ್ಟಿನ ಕೈ ಒರೆಸಿಕೊಂಡು ತಲೆಯಾಡಿಸಿದ,
ಹೂಂ ಅಂತಲೋ ಊಹೂಂ ಅಂತಲೋ.
ಡೆಲ್ರಾಯ್ ಇಪ್ಪತ್ತಮೂರಕ್ಕೆ ಕೊಟ್ಟ.
ತಡವಾದದ್ದಕ್ಕೆ ಐವತ್ತು ಡಾಲರು ದಂಡ ತೆಗೆದುಕೊಂಡೆ.
ನಾಚಿಕೆಯಾಯಿತು. ಆದರೂ ತೆಗೆದುಕೊಂಡೆ.

ಆರು ವರ್ಷವಾಯಿತು. ದಲ್ಲಾಳಿ ಫೋನು ಮಾಡುತ್ತಾನೆ,
ಬೆಲೆ ಎರಡರಷ್ಟಾಗಿದೆ, ಈಗ ಮಾರದಿದ್ದರೆ ಮೂರ್ಖತನ, ಅನ್ನುತ್ತಾನೆ.
ಇರಬಹುದು. ಒಂದು ವಸ್ತುವನ್ನು ಸುಮ್ಮನೆ ಹಿಡಿದುಕೊಂಡು ಕೂರುವುದು
ನನಗೆ ಹೊಸತು. ಕೈ ಇನ್ನೂ ಕಲಿಯುತ್ತಿದೆ.

ಮತ್ತೆ ಹಿಮ. ಬಸ್ಸಿನ ಬಾಗಿಲು ತೆರೆಯುತ್ತೇನೆ.
ಜೊಸೆಟ್, ಈಗ ನನಗಿಂತ ಎತ್ತರ,
ಬೂಟು ಒದರದೆ ಹತ್ತುತ್ತಾಳೆ,
ಉದ್ದಕ್ಕೂ ಕೆಸರು ತುಳಿಯುತ್ತಾ ಹಿಂದಕ್ಕೆ ನಡೆಯುತ್ತಾಳೆ.
ನಾನು ಏನೂ ಅನ್ನುವುದಿಲ್ಲ.