ಏಳನೆಯ ಕಲಮು

ಸಿದ್ಧಯ್ಯ ರಸ್ತೆ, ನ್ಯಾಯದೇಗುಲದ ಹತ್ತಿರ
ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿ.
ವಕೀಲೆ ಜಯಶೀಲಮ್ಮ ಓದುತ್ತಾರೆ, ಕನ್ನಡಕ ಮೂಗಿನ ತುದಿಗೆ ಜಾರಿ
(ಪವರ್ ಬದಲಾಗಿದೆ ಅವರಿಗೆ, ಹೇಳಬೇಕು):
"ಸದರಿ ಮಗು ಸದರಿ ತಂದೆಯ ವಶದಲ್ಲಿರತಕ್ಕದ್ದು."

ಸದರಿ ಮಗು ಈಗ ಶಾಲೆಯಲ್ಲಿ.
ಬೆಳಿಗ್ಗೆ ಒಂದೇ ಕಾಲುಚೀಲ ಸಿಕ್ಕು
ಇನ್ನೊಂದಕ್ಕೆ ನನ್ನದನ್ನು ಮಡಚಿ ಹಾಕಿಕೊಂಡು ಹೋಗಿದ್ದಾಳೆ.
ಇದು ಯಾವ ಕಲಮಿಗೂ ಸೇರುವುದಿಲ್ಲ.

ಪ್ರಫುಲ್ಲ ಲಿಮೆರಿಕ್‌ನಲ್ಲಿ, ಆಸ್ಪತ್ರೆಯ ರಾತ್ರಿ ಪಾಳಿ.
ಅವಳ ಪ್ರಮಾಣಪತ್ರ ಬಂದಿದೆ, ಆ ದೇಶದ ಮೊಹರು ಹೊತ್ತು.
ಸಹಿ ಅದೇ; ಇನಿಷಿಯಲ್ ಮಾತ್ರ
ನನ್ನಿಂದ ಅವಳಪ್ಪನಿಗೆ ಮರಳಿದೆ.
ಸುಲ್ತಾನ್‌ಪೇಟೆಯಲ್ಲಿ ಹದಿನಾರು ವರ್ಷ ಕನ್ನಡಕದ ಗಾಜು ಉಜ್ಜಿದ ಕಣ್ಣು ನನ್ನದು,
ಕೂದಲೆಳೆ ವ್ಯತ್ಯಾಸವೂ ಕಾಣುತ್ತದೆ.

ಐದನೆಯ ಕಲಮು: ಪ್ರತಿ ತಿಂಗಳು ಜೀವನಾಂಶ.
ಬೇಡ ಎಂದಿದ್ದೆ ನಾನು. ಅವಳ ದುಡ್ಡು ನನಗೇಕೆ.
ಜಯಶೀಲಮ್ಮ ಪೆನ್ನು ಕೆಳಗಿಟ್ಟರು:
"ನಿಮ್ಮದಲ್ಲದ್ದನ್ನ ಬೇಡ ಅನ್ನೋಕೆ ನೀವ್ಯಾರ್ರೀ?
ಅದು ಕೂಸಿನ ದುಡ್ಡು."
ಸುಮ್ಮನಾದೆ. ಹಲ್ಲಿನ ಕ್ಲಿಪ್ಪಿಗೆ ಅರ್ಧ, ಫೀಸಿಗೆ ಅರ್ಧ,
ಯೂರೋ ಏರಿದರೂ ಇಳಿದರೂ ರೂಪಾಯಿಯಲ್ಲಿ ಇಷ್ಟು.

ಅಂದು ರಾತ್ರಿ ಕರಡಿನ ಬೆನ್ನಿಗೆ ಭಿನ್ನರಾಶಿ ಬಿಡಿಸುತ್ತ
ನೇಸರ ಕೇಳಿದಳು:
"ಜೀವನ ಅಂಶ ಅಂತಿದೆ ಇಲ್ಲಿ. ಛೇದ ಎಲ್ಲಪ್ಪಾ?"
ಮೊದಲ ಪುಟದಲ್ಲಿತ್ತು, ದಪ್ಪ ಅಕ್ಷರದಲ್ಲಿ, 'ವಿ' ಸೇರಿಸಿಕೊಂಡು.
ಪುಟ ಮಗುಚಿದೆ. ಅವಳೇ ಅಂದಳು,
ಛೇದ ಒಂದೇ ಇದ್ದರೆ ಮಾತ್ರ ಕೂಡಿಸೋಕೆ ಬರುತ್ತಂತೆ,
ಇಲ್ಲದಿದ್ದರೆ ಮೊದಲು ಲ.ಸಾ.ಅ. ಕಂಡುಹಿಡೀಬೇಕಂತೆ.

ಏಳನೆಯದು: ಪ್ರತಿ ಭಾನುವಾರ ಸಂಜೆ ಆರಕ್ಕೆ ತಾಯಿಯ ಕರೆ.
ಓದಿ ಮುಂದಕ್ಕೆ ಹೊರಟಿದ್ದರು, ಪಾಸ್‌ಪೋರ್ಟ್ ಯಾರ ಬೀರುವಿನಲ್ಲಿ,
ದಸರಾ ರಜೆಗೆ ಅವಳು ಬಂದರೆ ಮತ್ತೀಕೆರೆಯ ಮಾವನ ಮನೆಯಲ್ಲಿ ಎಷ್ಟು ದಿನ.
ತಡೆದೆ.

ನನ್ನ ಬಳಿ ಒಂದು ಡೈರಿ ಇದೆ,
ಕೋರ್ಟಿಗೆ ಬೇಕಾದೀತೆಂದು ಬರೆದಿಟ್ಟದ್ದು.
ಕಳೆದ ಅಕ್ಟೋಬರಿನ ಕೊನೆಯ ಭಾನುವಾರ:
"ಆರಕ್ಕೆ ಕರೆ ಇಲ್ಲ. ಮಗಳು ಕಾದಳು."
ಅಲ್ಲಿ ಆ ದಿನ ಗಡಿಯಾರವನ್ನು ಒಂದು ಗಂಟೆ ಹಿಂದಿಡುತ್ತಾರೆ.
ನನಗೆ ಗೊತ್ತಿತ್ತು.
ಏಳಕ್ಕೆ ಫೋನು ಬಡಿದುಕೊಂಡಿತು. ಅಷ್ಟರಲ್ಲಿ ನೇಸರ
ಜಡೆಯ ರಿಬ್ಬನ್ ಕಿತ್ತು, ಅತ್ತು, ನಿದ್ದೆ ಹೋಗಿದ್ದಳು.
ಏಳರದ್ದನ್ನು ನಾನು ಬರೆಯಲಿಲ್ಲ.

ಇಷ್ಟನ್ನೂ ಹೇಳಲಿಲ್ಲ ಜಯಶೀಲಮ್ಮನಿಗೆ.
"ಚಳಿಗಾಲದಲ್ಲಿ ಏಳು ಗಂಟೆ ಅಂತ ಸೇರಿಸಿ" ಎಂದೆ.
"ಎದುರಿನವರು ಕೇಳಿಲ್ಲವಲ್ಲ?"
"ನಾನು ಕೇಳ್ತಿದ್ದೀನಿ."
ಟೈಪಿಸ್ಟ್ ಹುಡುಗ ನಿಟ್ಟುಸಿರಿಟ್ಟ; ಸಹಿಯ ಜಾಗ
ಒಂದು ಸಾಲು ಕೆಳಕ್ಕೆ ಜಾರಿ ಹೊಸ ಪುಟಕ್ಕೆ ಬಿತ್ತು.

ಆದೇಶದ ದಿನ ಅವಳು ಪರದೆಯ ಮೇಲೆ,
ಪಾಳಿಯ ನಡುವೆ, ನೀಲಿ ಅಂಗಿಯಲ್ಲೇ, ಹಿಂದೆ ಬೆಳಗಾಗದ ಕಿಟಕಿ.
ಏಳನೆಯ ಕಲಮು ಓದುವಾಗ ಒಮ್ಮೆ ತಲೆ ಎತ್ತಿದಳು.
"ಒಪ್ಪಿಗೆ" ಎಂದದ್ದು
ತುಟಿ ಅಲುಗಿ ಎರಡು ಕ್ಷಣದ ಮೇಲೆ ಬೆಂಗಳೂರಿಗೆ ತಲುಪಿತು.

ಈ ಅಕ್ಟೋಬರ್. ಭಾನುವಾರ. ಆರು.
ರಿಬ್ಬನ್ ಕಟ್ಟಿಕೊಂಡು ಕೂತವಳಿಗೆ ಹೇಳಿದೆ,
"ಇವತ್ತಿಂದ ಏಳಕ್ಕೆ ಪುಟ್ಟಿ. ಅಲ್ಲಿ ಚಳಿಗಾಲ."
"ಪ್ರತಿ ವರ್ಷಾನಾ?"
"ಹ್ಞೂಂ."
ಲೆಕ್ಕ ತಾಳೆ ನೋಡುವಾಗಿನ ಹಾಗೆ ನನ್ನನ್ನೇ ನೋಡಿದಳು,
ಆಮೇಲೆ ಪೆನ್ಸಿಲ್ ಕೆತ್ತಲು ಕೂತಳು.