ವಿಸಿಲ್ ಇಲ್ಲದ ಟ್ರಿಪ್ಪು

ಎಂಟೂ ಹತ್ತರ ಟ್ರಿಪ್ಪಿನಲ್ಲಿ ನಾನು ವಿಸಿಲ್ ಊದುವುದಿಲ್ಲ.
ಅದು ಕಿಸೆಯಲ್ಲೇ ಇರುತ್ತದೆ, ಪೆನ್ನಿನ ಪಕ್ಕ.
ತಗಡಿಗೆ ಅಂಗೈಯಿಂದ ಎರಡು ಬಡಿತ, ಹೋಗು.
ಒಂದು, ನಿಲ್ಲು.
ಡ್ರೈವರ್ ಇದ್ದಿನಬ್ಬನಿಗೆ ಅಷ್ಟು ಸಾಕು.
ಇಪ್ಪತ್ತಾರು ವರ್ಷದಿಂದ
ಅವನ ಬೆನ್ನಿನ ಜೊತೆ ನನ್ನ ಮಾತುಕತೆ.

ಹಂಪನಕಟ್ಟೆಯಲ್ಲಿ ಅಮ್ಮನ ಜೊತೆ ಹತ್ತುತ್ತಾನೆ ಜೋಯ್‌ಸ್ಟನ್.
ಎಡಗಡೆ, ಮೂರನೇ ಸೀಟು, ಕಿಟಕಿ.
ಅಲ್ಲಿ ಬೇರೆಯವರು ಕೂತಿದ್ದರೆ ನಿಂತೇ ಇರುತ್ತಾನೆ
ಅವರನ್ನಲ್ಲ, ಸೀಟನ್ನು ನೋಡುತ್ತಾ.
ಹದಿನೆಂಟು ವರ್ಷ. ಮೀಸೆ ಬಂದಿದೆ.
ಕಾಲರಿನ ಲೇಬಲ್ ಕತ್ತರಿಸಿದ ಕಡೆ ನೂಲು ಎದ್ದಿರುತ್ತದೆ.
ಪಡೀಲಿನಲ್ಲಿ ಲಕೋಟೆ ಅಂಟಿಸುವ ಕೆಲಸ,
ದಿನಕ್ಕೆ ನಾನೂರು, ಒಂದೂ ಓರೆಯಿಲ್ಲವಂತೆ.

ಮೊದಲ ದಿನ ನಾನು ಎಂದಿನಂತೆ ಊದಿದೆ.
ಅವನು ಕಿವಿ ಮುಚ್ಚಿ ಮುಂದಿನ ಕಂಬಿಗೆ ಹಣೆ ಒತ್ತಿದ.
ಮತ್ತೆ ಊದಿದೆ. ಮತ್ತೆ.
ನನಗೆ ಎಂತ ಗೊತ್ತು ಮಾರಾಯ್ರೇ, ಕುಶಾಲು ಅಂದುಕೊಂಡೆ.
ಹಿಂದಿನ ಸೀಟಿನವರು ನಕ್ಕರು, ನಾನೂ ಸ್ವಲ್ಪ ನಕ್ಕೆ.
ಆ ಸ್ವಲ್ಪ ಇನ್ನೂ ನನ್ನ ಹತ್ತಿರ ಉಂಟು.

ಅವನ ಅಮ್ಮ ಹಿಲ್ಡಾ ಬಾಯಿ ಬೈಯಲಿಲ್ಲ.
ಚಿಲ್ಲರೆ ಎಣಿಸಿ ಕೊಡುತ್ತಾ ಕೇಳಿದರು,
"ನಿಮ್ಮ ಕಿವಿಯ ಒಳಗೆ ಯಾರಾದರೂ ಟ್ಯೂಬ್‌ಲೈಟ್ ಒಡೆದರೆ
ಹೇಗಾಗ್ತದೆ ಕಂಡಕ್ಟರೇ? ಇವನಿಗೆ ಹಾಗೆ."

ರಾತ್ರಿ ಕೋಣೆಯ ಬಾಗಿಲು ಹಾಕಿ ಒಮ್ಮೆ ಜೋರಾಗಿ ಊದಿ ನೋಡಿದೆ.
ಹೆಂಡತಿ ಓಡಿ ಬಂದಳು, ಪಕ್ಕದ ಮನೆಯ ಮಗು ಎದ್ದಿತು.
ನನಗೆ ಎಂತದೂ ಆಗಲಿಲ್ಲ.
ಇಪ್ಪತ್ತಾರು ವರ್ಷ ಊದಿದ ಕಿವಿ,
ಅದಕ್ಕೆ ಇನ್ನು ಎಂತ ಕೇಳುವುದು?

ಮತ್ತೆ ಬಲ್ಮಠದಲ್ಲಿ ರಸ್ತೆ ಅಗೆದರು.
ಈ ಊರಲ್ಲಿ ಅಗೆಯದ ರಸ್ತೆ ಎಲ್ಲುಂಟು!
ಜ್ಯೋತಿ ದಾಟಿ ಇದ್ದಿನಬ್ಬ ಬೇರೆ ದಾರಿ ಹಿಡಿದ.
ಜೋಯ್‌ಸ್ಟನ್ ಎದ್ದು ನಿಂತ. "ಬಲ್ಮಠ" ಅಂದ.
ಬಲ್ಮಠ, ಬಲ್ಮಠ, ಬಲ್ಮಠ,
ಸ್ವರ ಏರಿತು, ತಲೆ ಕಿಟಕಿಯ ಕಂಬಿಗೆ ಬಡಿಯತೊಡಗಿತು.
ಇಳಿಸಿ ಅಂದರು ಒಬ್ಬರು.
ಎರಡು ಬಿಟ್ಟರೆ ಸರಿಯಾಗ್ತಾನೆ ಅಂದರು, ಕೈಯಲ್ಲಿ ಮಲ್ಲಿಗೆ ಹಿಡಿದಿದ್ದವರು.
ನಾನು ಕಂಬಿಗೂ ಅವನ ಹಣೆಗೂ ನಡುವೆ
ನನ್ನ ಚರ್ಮದ ಬ್ಯಾಗು ಹಿಡಿದೆ. ಬೇರೆ ಹೊಳೆಯಲಿಲ್ಲ.
ಪ್ರತಿ ಬಡಿತಕ್ಕೂ ಒಳಗೆ ಚಿಲ್ಲರೆ ಝಣ ಅಂದಿತು
ಪಂಪ್‌ವೆಲ್ ಬರುವವರೆಗೂ.

"ಮೊದಲೇ ಹೇಳಿದ್ದರೆ ಬರ್ತಿದ್ದ" ಅಂದರು ಹಿಲ್ಡಾ ಬಾಯಿ.
"ಬರೆದು ಕೊಟ್ಟರೆ ಇನ್ನೂ ಒಳ್ಳೆಯದು."

ಅಂದಿನಿಂದ ಹರಿದ ಟಿಕೇಟಿನ ಹಿಂದೆ ನನ್ನ ಕೋಳಿಕಾಲಿನ ಅಕ್ಷರ.
ನಾಳೆ ಬಲ್ಮಠ ಇಲ್ಲ. ಬಂಟ್ಸ್ ಹಾಸ್ಟೆಲ್, ಮಲ್ಲಿಕಟ್ಟೆ,
ಆಮೇಲೆ ಬೆಂದೂರ್‌ವೆಲ್. ಹನ್ನೊಂದು ನಿಮಿಷ ತಡ.
ಮಾರನೇ ದಿನ ಇಳಿಯುವಾಗ ನನಗೆ ಒಂದೇ ಶಬ್ದ ಹೇಳಿದ.
"ಹದಿಮೂರು."

ಒಮ್ಮೆಯೂ ನನ್ನ ಮುಖ ನೋಡಿದವನಲ್ಲ.
ನನ್ನ ಬ್ಯಾಗಿನ ಬಕಲ್ ಯಾವ ಕಡೆ ತುಂಡಾಗಿದೆ
ಅವನಿಗೆ ಗೊತ್ತುಂಟು.

ನಿನ್ನೆಯ ಟಿಕೇಟು ಬರೆಯಲು ಕಷ್ಟವಾಯಿತು.
ಸೋಮವಾರದಿಂದ ನಾನಿಲ್ಲ. ಮೊಣಕಾಲು ನೋವು.
ಬಸ್ಸು ಅದೇ. ಸೀಟು ಅದೇ. ಡ್ರೈವರ್ ಅವನೇ.
ಹೊಸ ಕಂಡಕ್ಟರ್ ಹೆಸರು ತಿಲಕ. ಸಪೂರ, ಕನ್ನಡಕ.
ವಿಸಿಲ್ ಊದುವುದಿಲ್ಲ, ಹೇಳಿದ್ದೇನೆ.

ಎರಡು ಸಲ ಓದಿದ. ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿದ.
ನಾಗುರಿ ದಾಟಿತ್ತು.
"ಹೋಲ್ಡಾನ್!" ಅಂದ.
ನನ್ನದೇ ಸ್ವರ, ಕೊನೆಯಲ್ಲಿ ನನ್ನದೇ ಎಳೆತ,
ಈ ಟ್ರಿಪ್ಪಿನಲ್ಲಿ ನಾನು ಆ ಶಬ್ದ ಆಡದೆ ಎರಡು ವರ್ಷ ಆಗಿರಬೇಕು.
ಇದ್ದಿನಬ್ಬನ ಕಾಲು ತನ್ನಿಂತಾನೇ ಬ್ರೇಕಿಗೆ ಬಿತ್ತು.
ನಡುರಸ್ತೆ. ಹಿಂದೆ ಮೀನಿನ ಲಾರಿ, ನಾಲ್ಕು ರಿಕ್ಷಾ, ಹಾರ್ನೋ ಹಾರ್ನು.
"ಯಾರು ಇಳಿಯುವುದು?" ಕನ್ನಡಿಯಲ್ಲಿ ಅವನ ಕಣ್ಣು.

ಇಳಿಯುವವರು ಯಾರೂ ಇರಲಿಲ್ಲ.
ಜೋಯ್‌ಸ್ಟನ್ ಎರಡೂ ಕಿವಿ ಒತ್ತಿ ಹಿಡಿದು
ಆ ಗಲಾಟೆಯಲ್ಲೂ ಬಕಲನ್ನೇ ನೋಡುತ್ತಿದ್ದ.
ನಾನು ತಗಡಿಗೆ ಎರಡು ಬಡಿಯಬೇಕಿತ್ತು.
ಕೈ ಸ್ವಲ್ಪ ತಡ ಮಾಡಿತು.