ವಲ್ಲಿಯ ಕೆಳಗೆ

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲಿ
ಇಪ್ಪತ್ತಾರು ವರ್ಷ ಹರಾಜು ಕೂಗಿದವನು ನಾನು.
ನಮ್ಮಪ್ಪನ ಕಾಲಕ್ಕೆ ವ್ಯಾಪಾರವೆಲ್ಲ ವಲ್ಲಿಯ ಕೆಳಗೆ:
ಕೈಮೇಲೆ ಬಟ್ಟೆ, ಬಟ್ಟೆಯೊಳಗೆ ಬೆರಳು,
ಎರಡು ಹಿಡಿದರೆ ಎರಡು, ಅದುಮಿದರೆ ಇನ್ನರ್ಧ.
ಪಕ್ಕದವನಿಗೆ ಕಂಡದ್ದು
ಬಟ್ಟೆ ಕುಣಿಯುವುದಷ್ಟೆ.

ಸರ್ಕಾರ ಬಂದು ವಲ್ಲಿ ಎಳೆದುಹಾಕಿತು.
ಬೆಲೆ ಬೆಳಕಿನಲ್ಲಿ ಹುಟ್ಟಬೇಕು ಅಂತ ಕಾನೂನು;
ಬೆಳಕು ಅಂದರೆ ನನ್ನ ಗಂಟಲು.
ನೂರಾ ಹತ್ತು, ನೂರಾ ಹನ್ನೊಂದು, ಒಂದು ಸಾರಿ...
ನ್ಯಾಮತ್ ಪಾಷ ಒಂದು ಗೂಡನ್ನು ಕಿವಿಯ ಹತ್ತಿರ ಅಲುಗಿಸಿ,
ಒಳಗಿನ ಹುಳು ಹೇಳಿದ್ದು ಕೇಳಿಸಿಕೊಂಡು
ಗಲ್ಲ ಎತ್ತುತ್ತಿದ್ದ.
ಅವನ ನೂಲು ಮಿಕ್ಕರೆ ಮಂಡಳಿ ಕೊಳ್ಳುತ್ತಿತ್ತು,
ಚೀಟಿ ಇವತ್ತು, ದುಡ್ಡು ಮೂರು ತಿಂಗಳಿಗೆ.
ಬೈದುಕೊಂಡೇ ಬದುಕಿದೆವು.

ಆಮೇಲೊಂದು ಬೆಳಿಗ್ಗೆ
ಚೀನಾ ನೂಲು ಹಡಗಿನಿಂದ ಇಳಿದಿದೆ ಅಂದರು.
ಹಡಗು ನೋಡಿದವರು ನಮ್ಮೂರಲ್ಲಿ ಯಾರೂ ಇರಲಿಲ್ಲ.
ನೂರಾ ಹನ್ನೊಂದು ಅಂದ ಬಾಯಲ್ಲೇ ಎಪ್ಪತ್ತು ಅಂದೆ.
ಮಳ್ಳೂರಿನ ಪಿಳ್ಳಮ್ಮ, ನಾನೇ ಇಳಿಸಿದೆ ಅಂದುಕೊಂಡಳೇನೋ,
ಮೂರು ವಾರ ನನ್ನ ಮುಖ ನೋಡಲಿಲ್ಲ.

ಈಗ ಹರಾಜು ಫೋನಿನಲ್ಲಿ.
ನಾನು ಸೀಮೆಸುಣ್ಣ ಹಿಡಿದು ಲಾಟಿನ ನಂಬರು ಬರೆಯುತ್ತೇನೆ.
ಮಾರ್ಕೆಟ್ಟು ಎಷ್ಟು ಸುಮ್ಮನಿದೆಯೆಂದರೆ
ಗೂಡು ಸುರಿಯುವ ಸದ್ದು ಕೇಳುತ್ತದೆ.
ಪಾಷನ ಮಗ ಬಾಗಿಲ ಬಿಸಿಲಲ್ಲಿ ನಿಂತು
ಹೆಬ್ಬೆರಳು ಆಡಿಸುತ್ತಾನೆ,
ಬೆಳಕಿಗೆ ಅಂಕಿ ಕಾಣುವುದಿಲ್ಲವೆಂದು
ಹೆಗಲ ವಲ್ಲಿಯನ್ನು ಕೈಮೇಲೆ ಹೊದಿಸಿಕೊಂಡು.

ಬಟ್ಟೆ ಸ್ವಲ್ಪ ಕುಣಿಯುತ್ತದೆ.
ನನಗೆ ಗಂಟಲು ಕೆರೆಯುತ್ತದೆ, ಕೆಮ್ಮುತ್ತೇನೆ.
ಒಂದಿಬ್ಬರು ಹಳಬರು ತಿರುಗಿ ನೋಡುತ್ತಾರೆ,
ಎಷ್ಟು ಅಂದೆ ಅನ್ನುವ ಹಾಗೆ.